ಅತ್ತೆ ಬಚ್ಚಿಡದ ತತ್ತಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಈ ಸಲ ಈಸ್ಟರ್ ದಿನ ಮರೆಯಲ್ಲಿ ನಿಂತು ನಮ್ಮ ಸೋದರತ್ತೆಯ ದನಿಯಲ್ಲಿ ಮಾತಾಡಿದವನು ನಾನೇ. ಇನ್ನೊಬ್ಬರ ದನಿ ತೆಗೆಯುವುದು ನನ್ನ ಹಳೇ ರೋಗ. ದಾಂಡೇಲಿ ಬಸ್ಸಿನ ಕಂಡಕ್ಟರ್, ನಮ್ಮ ಫಾದರ್ ಅವರ ಕೆಮ್ಮು, ಹೆಣ್ಣು ನೋಡಲು ಹೋದಾಗ ನಾನೇ ತೊದಲಿದ ರೀತಿ, ಯಾವುದನ್ನೂ ಬಿಟ್ಟವನಲ್ಲ.

ಅತ್ತೆಯ ವಿಷಯಕ್ಕೆ ಬರೋಣ. ಈಸ್ಟರ್ ದಿನ ಮಕ್ಕಳು ಹುಡುಕಲೆಂದು ತತ್ತಿ ಬಚ್ಚಿಡುವುದರಲ್ಲಿ ಮುಂಡಗೋಡ ತಾಲೂಕಿನಲ್ಲಿ ಅವಳಂಥವರು ಇನ್ನೊಬ್ಬರಿಲ್ಲ. ಇದನ್ನು ಅವಳೇ ಹೇಳುತ್ತಾಳೆ; ನಾವೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ. ಪೇಟೆಯ ಚಾಕೊಲೇಟ್ ತತ್ತಿ ಅವಳಿಗೆ ಆಗಿಬರುವುದಿಲ್ಲ. ಮನೆಯ ಕೋಳಿಯ ತತ್ತಿಯನ್ನೇ ಉಳ್ಳಾಗಡ್ಡಿ ಸಿಪ್ಪೆ, ಅರಿಸಿನ ಹಾಕಿ ಕುದಿಸಿ ಬಣ್ಣ ಬರಿಸುತ್ತಾಳೆ. ಆಮೇಲೆ ಅವು ಎಲ್ಲಿ ಹೋಗುತ್ತವೋ ದೇವರೇ ಬಲ್ಲ. ಒಂದು ವರ್ಷ, ಪೂಜೆ ಮುಗಿಸಿ ಊಟಕ್ಕೆ ಬಂದ ಫಾದರ್ ಅವರ ಛತ್ರಿಯೊಳಗೇ ಒಂದನ್ನು ಇಳಿಬಿಟ್ಟಿದ್ದಳು. ಅವರು ಛತ್ರಿ ಬಿಚ್ಚಿದ್ದು ಎರಡು ತಿಂಗಳ ಮೇಲೆ, ಮಿರಗದ ಮಳೆ ಬಿದ್ದಾಗ! ಅತ್ತೆ ಕ್ಷಮೆ ಕೇಳಿದಳೇ?

“ಹುಡಕೂದು ಬರೇ ಕಣ್ಣಿಂದ ಅಂತ ಯಾರ್ ಹೇಳ್ಯಾರ್ರಿ, ಫಾದರ್? ದೇವರು ಮೂಗು ಕೊಟ್ಟಾನಲ್ಲ?”

ಸುಳಿವು ಕೊಡುವುದಿಲ್ಲ, ಕನಿಕರ ತೋರಿಸುವುದಿಲ್ಲ. ತಾನು ಬಚ್ಚಿಟ್ಟ ತತ್ತಿ ಸಿಕ್ಕವರ ಹೆಸರನ್ನು ಮಾತ್ರ ಅಡುಗೆಮನೆಯ ಬಾಗಿಲ ಮೇಲೆ ಇದ್ದಿಲಿನಿಂದ ಬರೆಯುತ್ತಾಳೆ. ನನ್ನ ಹೆಸರು ಒಂದೇ ಒಂದು ಸಲ, ಒಂಬತ್ತನೇ ವಯಸ್ಸಿನಲ್ಲಿ ಏರಿದೆ. ಬಂದವರಿಗೆಲ್ಲ ಇಂದಿಗೂ ತೋರಿಸುತ್ತೇನೆ. ನನ್ನ ತಂಗಿಯ ಮಗಳು ರೋಜಿಗೆ ಈಗ ಐದು ವರ್ಷ. ಮೂರು ಈಸ್ಟರ್ ಬರಿಗೈಯಲ್ಲಿ ಕಳೆದಿದ್ದಾಳೆ. ಈ ಸಲ ಬೆಳಿಗ್ಗೆ ಬಂದವಳೇ ಬಾಗಿಲ ಕೆಳತುದಿಯಲ್ಲಿ ಒಂದು ಗೇಣು ಜಾಗವನ್ನು ಲಂಗದಿಂದ ಒರೆಸಿಟ್ಟಳು.

ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ಬಚ್ಚಲ ಹಂಡೆಯ ಹಿಂದೆ ಹಳದಿ ತತ್ತಿ ಇರುವುದು ನನ್ನ ಕಣ್ಣಿಗೆ ಬಿದ್ದಿತ್ತು. ದೊಡ್ಡ ಹುಡುಗರನ್ನು ದೂರ ಕಳಿಸಿದರೆ ಅದು ರೋಜಿಗೇ ಸಿಗುತ್ತದೆ, ಅಲ್ಲವೇ? ಹಿತ್ತಲ ಗೋಡೆಯ ಹಿಂದೆ ನಿಂತು ಅತ್ತೆಯ ದನಿ ತೆಗೆದೆ: “ಬಣವಿ ಬುಡಕ ನೋಡ್ರೋ, ಹುಡುಗರ್ಯಾ.”

“ಅಜ್ಜಿ ಎಂದಾದರೂ ಸುಳಿವು ಕೊಟ್ಟಾಳೇನು? ಇದು ಮಾಮಾನ ದನಿ,” ಎಂದ ಅತ್ತೆಯ ಮೊಮ್ಮಕ್ಕಳಲ್ಲಿ ದೊಡ್ಡವ ಅಂತೋನಿ. ಒಬ್ಬರೂ ಕದಲಲಿಲ್ಲ. ನಂಬಿದ್ದು ರೋಜಿ ಒಬ್ಬಳೇ. ಹುಲ್ಲಿನ ಬಣವೆಯ ಸಂದಿಯಲ್ಲಿ ತೆವಳಿ ಹೋದಳು. ಹಂಡೆಯ ಹಿಂದಿನ ತತ್ತಿ ಅಂತೋನಿಗೇ ಸಿಕ್ಕಿತು.

ಬಣವೆಯೊಳಗೆ ದೊಡ್ಡ ಗದ್ದಲ. ಮೊದಲು ಕೆಂಪು ಕೋಳಿ ಹಾರಿ ಬಂತು, ಹಿಂದೆ ರೋಜಿ. ಮುಂಗೈ ಮೇಲೆ ಕುಕ್ಕಿದ ಗಾಯ, ಅಂಗೈಯಲ್ಲಿ ಬಣ್ಣವಿಲ್ಲದ ಬೆಚ್ಚಗಿನ ತತ್ತಿ, ಕಣ್ಣಲ್ಲಿ ಒಂದು ಹನಿ ನೀರಿಲ್ಲ.

“ಒಳಗ ಇನ್ನೂ ಭಾಳ ಅದಾವು,” ಎಂದಳು.

ಅತ್ತೆಯ ಮುಖ ನೋಡಬೇಕಿತ್ತು. ಆ ಕೋಳಿ ಹದಿನೈದು ದಿನದಿಂದ ಕಾಳು ತಿಂದು ಮಾಯವಾಗುತ್ತಿತ್ತು. ಎಲ್ಲಿ ತತ್ತಿ ಇಡುತ್ತದೆಂದು ಅತ್ತೆ ಹಿತ್ತಲೆಲ್ಲ ಜಾಲಾಡಿ, ಸೋತು, ಮುಂಗುಸಿಯ ಮೇಲೆ ಆಪಾದನೆ ಹೊರಿಸಿದ್ದಳು. ಈಗ ಅರವತ್ತೈದರ ಹೆಂಗಸು ಸೀರೆ ಎತ್ತಿ ಕಟ್ಟಿ ಅದೇ ಸಂದಿಯಲ್ಲಿ ನುಗ್ಗಿದಳು. ಬಹಳ ಹೊತ್ತು ಅವಳ ಅಂಗಾಲು ಮಾತ್ರ ಕಾಣುತ್ತಿತ್ತು. ಹೊರಬಂದವಳು ನನ್ನತ್ತ ತಿರುಗಿದಳು.

“ನನ್ನ ದನಿ ತಗದಿ, ಛಲೋ ಆತು. ಈಗ ಹುಂಜದ ದನಿ ತಗದು ಆ ಕೋಳೀನ ವಾಪಸ್ ಕರಿ. ತತ್ತಿ ತಣ್ಣಗಾದ್ರ ನೀನ ಕಾವಿಗೆ ಕೂಡಬೇಕು.”

ರೋಜಿಯ ಕೈಯಿಂದ ತತ್ತಿ ತಗೊಂಡು ಗೂಡಿಗಿಟ್ಟೆವು. ನಾನು ಗಂಟಲು ಹರಿಯುವ ತನಕ ಕೂಗಿದೆ. ನಾನು ಬಾಯಿ ಮುಚ್ಚಿದ ಮೇಲೆ ಕೋಳಿ ತಾನಾಗಿ ಬಂದು ಕೂತಿತು.

ಊಟಕ್ಕೆ ಮುಂಚೆ ಅತ್ತೆ ಇದ್ದಿಲು ಹಿಡಿದು ಬಾಗಿಲ ಮುಂದೆ ನಿಂತಳು. ಅಂತೋನಿಯ ಹೆಸರು ಬರೆದಳು, ಇನ್ನಿಬ್ಬರದೂ ಬರೆದಳು. ರೋಜಿ ತಾನು ಒರೆಸಿಟ್ಟ ಜಾಗದ ಪಕ್ಕ ಬರಿಗೈಯಲ್ಲಿ ನಿಂತಿದ್ದಳು. ಅತ್ತೆ ಮೊಣಕಾಲೂರಿ ಕೂತಳು.

“ಅಜ್ಜೀ, ಅದು ನಡ್ಯೂದಿಲ್ಲ,” ಎಂದ ಅಂತೋನಿ. “ನೀ ಬಚ್ಚಿಟ್ಟಿದ್ದಷ್ಟ ಲೆಕ್ಕ ಅಂತ ನೀನ ಹೇಳೀದಿ. ಅದು ನೀ ಬಚ್ಚಿಟ್ಟಿದ್ದಲ್ಲ.”

ಇದ್ದಿಲು ನಿಂತಿತು. ಅಂತೋನಿ ಹೇಳಿದ್ದು ಅವಳದೇ ಕಾಯಿದೆ, ಒಮ್ಮೆಯೂ ಸಡಿಲಿಸದ ಕಾಯಿದೆ.

ಅತ್ತೆ ತಲೆಗೂದಲಿಗೆ ಸಿಕ್ಕ ಹುಲ್ಲುಕಡ್ಡಿ ಕಿತ್ತೆಸೆದು, ಬಾಗಿಲ ಬುಡದಲ್ಲಿ ಎಲ್ಲರ ಹೆಸರಿಗಿಂತ ದಪ್ಪಗೆ ‘ರೋಜಿ’ ಎಂದು ಬರೆದಳು.

“ನಾ ಬಚ್ಚಿಟ್ಟಿದ್ದಲ್ಲ, ಖರೆ. ಕೋಳಿ ಬಚ್ಚಿಟ್ಟಿದ್ದು. ನನಗಿಂತ ಛಲೋ ಬಚ್ಚಿಟ್ಟಿತ್ತು.”