ಮಾವನ ಹಲಗೆ ಮೀನು

ನಮ್ಮ ಸೋದರಮಾವ ಒಂದು ಕಿಟಕಿ, ಎರಡು ಮಣೆ ಮತ್ತು ಅರ್ಧ ಬೀರು ತಿಂದಿದ್ದಾನೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ನೀವೂ ನಂಬಬೇಕಾಗಿಲ್ಲ. ಬರೀ ಮರವನ್ನು ಯಾರು ತಿನ್ನುತ್ತಾರೆ? ಮೀನಿನ ಜೊತೆ ತಿಂದ. ಅದೂ ಒಬ್ಬನೇ ಅಲ್ಲ, ಮನೆಗೆ ಬಂದವರಿಗೆಲ್ಲ ಬಡಿಸಿ ತಿಂದ. ಹಾಗಾಗಿ ಆ ಬೀರುವಿನ ಒಂದು ಮೂಲೆ ನನ್ನ ಹೊಟ್ಟೆಗೂ ಸೇರಿದೆ.

ಮಾವನ ಊರು ಕೊಣನೂರು, ಕಸುಬು ಮರಗೆಲಸ. ನಮ್ಮದೇನೂ ಬಡಗಿಗಳ ಮನೆತನವಲ್ಲ, ತಾತ ಹೊಲ ಉತ್ತವರು. ಹತ್ತನೇ ಕ್ಲಾಸಿನಲ್ಲಿ ಗಣಿತ ಕೈಕೊಟ್ಟ ಮೇಲೆ ಮಾವ ಊರಿನ ಒಬ್ಬ ಆಚಾರಿಯ ಹತ್ತಿರ ಕೆಲಸ ಕಲಿಯಲು ಸೇರಿದ. ಪರೀಕ್ಷೆಯಲ್ಲಿ ಒಂದು ಲೆಕ್ಕವೂ ಸರಿಬಾರದಿದ್ದ ಮನುಷ್ಯ ಬಾಗಿಲಿನ ಅಳತೆಯಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿ ಬಿಡುವವನಲ್ಲ. ಅದು ಹೇಗೆ ಎಂದು ಕೇಳಿದರೆ, "ಅಲ್ಲಿ ಲೆಕ್ಕ ಪೇಪರ್ ಮೇಲಿತ್ತು, ಇಲ್ಲಿ ಮರದ ಮೇಲೈತೆ" ಅನ್ನುತ್ತಿದ್ದ.

ಮರವನ್ನು ಅವನು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ, ಮೂಸುತ್ತಿದ್ದ. ಸಾಮಿಲ್‌ನಲ್ಲಿ ಉಳಿದವರು ಟೇಪು ಹಿಡಿದು ದಿಮ್ಮಿಯ ಸುತ್ತಳತೆ ನೋಡುತ್ತಿದ್ದರೆ ಇವನು ಮೊಣಕಾಲೂರಿ, ಕೊಯ್ದ ಮುಖಕ್ಕೆ ಮೂಗು ಒತ್ತುತ್ತಿದ್ದ. ಅಲ್ಲಿನವರು ಬೆನ್ನ ಹಿಂದೆ ಅವನಿಗೊಂದು ಹೆಸರಿಟ್ಟಿದ್ದರು. ಅದನ್ನಿಲ್ಲಿ ಬರೆಯುವ ಹಾಗಿಲ್ಲ. ನಾಲ್ಕು ಕಾಲಿನ ಪ್ರಾಣಿಯ ಹೆಸರು ಅಂದರೆ ಸಾಕು.

ಬೇಸಿಗೆ ರಜೆ ಬಂತೆಂದರೆ ನಮ್ಮಮ್ಮ ನನ್ನನ್ನು ಹೊಳೆನರಸೀಪುರದಲ್ಲಿ ಬಸ್ಸು ಹತ್ತಿಸಿಬಿಡುತ್ತಿದ್ದಳು. ಎರಡು ತಿಂಗಳು ನನಗೆ ಮಾವನ ಕೊಟ್ಟಿಗೆಯೇ ಪ್ರಪಂಚ. ದನ ಇಲ್ಲದ ಆ ಕೊಟ್ಟಿಗೆಯೇ ಅವನ ಕಾರ್ಖಾನೆ. ಅವನು ತೋಪಡ ಹೊಡೆದಂತೆಲ್ಲ ಮರದ ಸುರುಳಿಗಳು ಸರ್ರನೆ ಹೊರಬಂದು ನೆಲಕ್ಕೆ ಬೀಳುತ್ತಿದ್ದವು. ನಾನು ಅವನ್ನೆಲ್ಲ ಬಳೆ ಮಾಡಿಕೊಂಡು ಮೊಣಕೈವರೆಗೆ ತೊಟ್ಟುಕೊಳ್ಳುತ್ತಿದ್ದೆ. ಅನ್ನದಲ್ಲಿ, ಹಾಸಿಗೆಯಲ್ಲಿ, ನನ್ನ ಜಡೆಯಲ್ಲಿ, ಎಲ್ಲೆಲ್ಲೂ ಮರದ ಹೊಟ್ಟು. "ಸಾರಿಗೆ ಉಪ್ಪು ಹಾಕೋದು ಮರೆತ್ರೂ ಹೊಟ್ಟು ತಾನಾಗೇ ಬೀಳ್ತದೆ" ಎಂದು ಅತ್ತೆ ಗೊಣಗುತ್ತಿದ್ದಳು. ಅತ್ತೆಯ ಮೀನು ಸಾರು ಊರಿಗೆಲ್ಲ ಗೊತ್ತಿತ್ತು. ಮಾವ ಮಾತ್ರ ಅದನ್ನು ಹೊಗಳಿದ್ದನ್ನು ನಾನು ಕೇಳಿಲ್ಲ. ಉಂಡು, ಕೈ ತೊಳೆದು, ಉಳಿ ಮಸೆಯಲು ಕೂರುತ್ತಿದ್ದ.

ಇಂಥವನಿಗೆ ಅಡುಗೆಯ ಹುಚ್ಚು ಹಿಡಿದದ್ದು ಅರವತ್ತು ದಾಟಿದ ಮೇಲೆ.

ಒಂದು ಭಾನುವಾರ ನಾನು ಹೋದಾಗ ಮಾವ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದ. ಯಾವುದೋ ಮಂಜು ಸುರಿಯುವ ದೇಶ. ಗಡ್ಡದವನೊಬ್ಬ ನೆನೆಸಿದ ಹಲಗೆಯ ಮೇಲೆ ಮೀನು ಮಲಗಿಸಿ, ಹಲಗೆ ಸಮೇತ ಕೆಂಡದ ಮೇಲಿಟ್ಟು, ಮೇಲೊಂದು ಮುಚ್ಚಳ ಹಾಕುತ್ತಾನೆ. ಹಲಗೆ ಹೊಗೆಯಾಡುತ್ತದೆ, ಆ ಹೊಗೆಯಲ್ಲಿ ಮೀನು ಬೇಯುತ್ತದೆ.

"ಚೆನ್ನಾಗಿದೆ ಮಾವ" ಅಂದೆ.

"ಏನ್ ಚೆನ್ನಾಗೈತೆ? ಹಲಗೆಗೆ ಸರಿಯಾಗಿ ತೋಪಡಾನೇ ಹೊಡ್ದಿಲ್ಲ ಅವನು."

ಮಾರನೆಯ ದಿನವೇ ಕೆಲಸ ಶುರು. ಹಳೇ ಬೀರುವಿನ ಒಂದು ಹಲಗೆ ತೆಗೆದ. ತೋಪಡ ಹೊಡೆದ, ಮೂಲೆಗಳನ್ನು ದುಂಡಗೆ ಮಾಡಿದ, ಹಿಡಿ ಕೂರಿಸಿದ, ಮೀನು ಜಾರದಿರಲೆಂದು ಸುತ್ತ ಸಣ್ಣ ಅಂಚು ಕೊಟ್ಟ. ಮೂರು ದಿನ ಕಳೆದರೂ ಮನೆಗೆ ಮೀನು ಬರಲಿಲ್ಲ. ಅತ್ತೆ ಫೋನು ಮಾಡಿ ನನಗೆ ವರದಿ ಒಪ್ಪಿಸಿದಳು: "ನಿಮ್ಮಾವ ಮೀನಿಗೆ ಮಂಚ ಮಾಡ್ತಾ ಅವ್ರೆ ಕಣವ್ವ. ಇನ್ನು ದಿಂಬೊಂದು ಬಾಕಿ."

ಮೊದಲ ಪ್ರಯೋಗದಲ್ಲಿ ಮಾವ ಹಲಗೆಯನ್ನು ನೀರಲ್ಲಿ ನೆನೆಸಲಿಲ್ಲ. ಅಷ್ಟು ಚೆನ್ನಾಗಿ ನುಣುಪು ಮಾಡಿದ ಮರವನ್ನು ನೀರಿಗೆ ಹಾಕಲು ಅವನಿಗೆ ಮನಸ್ಸು ಬರಲಿಲ್ಲವಂತೆ. ಹಿತ್ತಲಲ್ಲಿ ತೆಂಗಿನ ಚಿಪ್ಪಿನ ಕೆಂಡ ಮಾಡಿ, ಮಸಾಲೆ ಹಚ್ಚಿದ ಗೆಂಡೆ ಮೀನನ್ನು ಹಲಗೆಯ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಮಂಚ ಭಗ್ಗನೆ ಹತ್ತಿಕೊಂಡಿತು. ಅತ್ತೆ ಬಿಂದಿಗೆ ನೀರು ಸುರಿದಳು. ಕೊನೆಗೆ ನೋಡಿದರೆ ಹಲಗೆ ಚೆನ್ನಾಗಿ ಬೆಂದಿತ್ತು, ಮೀನು ಹಸಿಯಾಗಿತ್ತು.

ಅಲ್ಲಿಂದ ಮುಂದೆ ಹಲಗೆಗಳು ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಒಂದು ರಾತ್ರಿ ನೆನೆಯತೊಡಗಿದವು, ಮೀನು ಬೇಯತೊಡಗಿತು. ಒಂದೇ ಮರಕ್ಕೆ ನಿಲ್ಲುವವನೇ ನಮ್ಮ ಮಾವ? ವಾರಕ್ಕೊಂದು ಮರ. ಹಲಸಿನ ಮಣೆಯ ಮೇಲೆ ಸುಟ್ಟ. ಮತ್ತಿ ಆಯಿತು, ಸಿಲ್ವರ್ ಓಕ್ ಆಯಿತು. ಪ್ರತಿ ಸಲವೂ ತಿನ್ನುವವರ ಮುಖಕ್ಕೆ ಮುಖ ಕೊಟ್ಟು ಕೂತು, "ವಾಸ್ನೆ ಎಂಗೈತೆ? ಸರಿಯಾಗಿ ಯೋಳು" ಎಂದು ಕೇಳುತ್ತಿದ್ದ. ರುಚಿ ಹೇಗಿದೆ ಎಂದು ಕೇಳುವ ಅಡುಗೆಯವರನ್ನು ನೋಡಿದ್ದೇನೆ. ವಾಸನೆಗೇ ಗಂಟುಬೀಳುವವನನ್ನು ನೋಡಿದ್ದು ಅದೇ ಮೊದಲು. ನಾನು ಬಾಯಿ ತುಂಬಿಕೊಂಡು, "ಮೀನಿನ ವಾಸನೆ ಮಾವ" ಅನ್ನುತ್ತಿದ್ದೆ.

ನೀಲಗಿರಿ ಮರದ ವಾರ ನನಗೆ ವಿಪರೀತ ನೆಗಡಿ. ತಟ್ಟೆ ಮುಂದಿಟ್ಟ ಕೂಡಲೇ ಕಣ್ಣಲ್ಲಿ ನೀರು ಬಂತು. ಎರಡು ತುತ್ತಿಗೆ ಕಟ್ಟಿದ ಮೂಗು ಬಿಟ್ಟಿತು. ಮೂರನೆಯದಕ್ಕೆ ಎದೆ ಹಗುರಾಯಿತು. ಜೀವಮಾನದಲ್ಲಿ ಮೀನು ತಿಂದು ನೆಗಡಿ ವಾಸಿ ಮಾಡಿಕೊಂಡವಳು ನಾನೊಬ್ಬಳೇ ಇರಬೇಕು. "ಮಾವ, ಇದನ್ನ ತಟ್ಟೆಗೆ ಹಾಕಬೇಡ, ಶೀಶೆಗೆ ತುಂಬು" ಅಂದೆ. ಎಲ್ಲರೂ ನಕ್ಕರು. ಮಾವ ತನ್ನ ತುಂಡನ್ನು ಮೂಗಿನ ಹತ್ತಿರ ಹಿಡಿದು, ತಿರುಗಿಸಿ ಮುರುಗಿಸಿ, ಸುಮ್ಮನೆ ಕೆಳಗಿಟ್ಟ.

ಬೇವಿನ ಹಲಗೆಯ ದಿನ ನಮ್ಮ ಯಜಮಾನರೂ ಬಂದಿದ್ದರು. ಅವರು ಚನ್ನರಾಯಪಟ್ಟಣದವರು, ಬಹಳ ಸಂಕೋಚದ ಮನುಷ್ಯ. ಬಡಿಸಿದ್ದನ್ನು ಬೇಡ ಎಂದು ಹೇಳಿ ಅವರಿಗೆ ಅಭ್ಯಾಸವಿಲ್ಲ. ಮೊದಲ ತುತ್ತಿನ ಕಹಿಗೇ ಅವರ ಮುಖ ಯುಗಾದಿಯ ಬೆಳಗಿನ ಮಕ್ಕಳ ಮುಖದಂತಾಯಿತು. ನುಂಗಲಾರರು, ಉಗುಳಲಾರರು. ನಾನು ಎದ್ದು ಬಚ್ಚಲಿಗೆ ಓಡಿದೆ. ಅತ್ತೆ ಬೆಲ್ಲದ ಡಬ್ಬಿ ತಂದಳು. ಮಾವ ಮಾತ್ರ ಕೂತಲ್ಲಿಂದ ಏಳದೆ ಒಂದು ತುಂಡು ತಿಂದ, ಎರಡು ತಿಂದ, ಮೂರನೆಯದಕ್ಕೆ ಕೈ ಹಾಕಿದ. "ಕಯ್ಯಿ ಐತಲ್ವಾ? ಕಯ್ಯಿ ಐತಲ್ವಾ?" ಎಂದು ಮಗುವಿನಂತೆ ನಗುತ್ತಿದ್ದ. ವಾಪಸ್ಸು ಬರುವಾಗ ಬಸ್ಸಿನುದ್ದಕ್ಕೂ ನಾನು ಮಾವನ ಹಾಗೇ ತಲೆಯಾಡಿಸಿ "ಕಯ್ಯಿ ಐತಲ್ವಾ?" ಎಂದು ಅಣಕಿಸಿ, ನಮ್ಮವರನ್ನು ನಗಿಸಿದೆ.

ಇನ್ನು ಕಿಟಕಿಯ ಕಥೆ. ಅರಕಲಗೂಡಿನ ಒಬ್ಬ ನಿವೃತ್ತ ಹೆಡ್‌ಮಾಸ್ಟರು ತಮ್ಮ ಮನೆಯ ಹಳೇ ಕಿಟಕಿಯ ಬಾಗಿಲನ್ನು ರಿಪೇರಿಗೆ ಕೊಟ್ಟಿದ್ದರು. ಒಂದು ಭಾನುವಾರ ಅವರು ಬಂದಾಗ ನಾನೂ ಅಲ್ಲೇ ಇದ್ದೆ.

"ಏನಯ್ಯಾ, ನಮ್ಮ ಕಿಟಕಿ ಆಯ್ತಾ?"

"ನೆನೀತಾ ಐತೆ ಸಾ" ಅಂದ ಮಾವ.

ಹೆಡ್‌ಮಾಸ್ಟರು ತೊಟ್ಟಿಯಲ್ಲಿ ಬಗ್ಗಿ ನೋಡಿದರು. ಅರ್ಧ ಕಿಟಕಿ ನೀರಿನ ತಳದಲ್ಲಿ ಮಲಗಿತ್ತು. ತೇಲದಿರಲಿ ಎಂದು ಮೇಲೊಂದು ರುಬ್ಬುವ ಗುಂಡುಕಲ್ಲು. ಉಳಿದ ಅರ್ಧ ಆಗಲೇ ಕೆಂಡದ ಮೇಲಿತ್ತು.

"ಅಂಥಾ ಪಳಗಿದ ಮರ ಈಗೆಲ್ಲಿ ಸಿಕ್ತದೆ ಸಾ? ತಡ್ಕಳಾಕಾಗ್ಲಿಲ್ಲ. ನಿಮ್ಗೆ ಹೊಸಾದೇ ಮಾಡಿ ಮಡಗಿವ್ನಿ, ನೋಡಿ."

ಹೆಡ್‌ಮಾಸ್ಟರು ನಲವತ್ತು ವರ್ಷದ ಸರ್ವೀಸಿನ ಸಿಟ್ಟನ್ನೆಲ್ಲ ಒಟ್ಟುಗೂಡಿಸಿ ಬಾಯಿ ತೆರೆದರು. ಅತ್ತೆ ಸರಿಯಾದ ಸಮಯಕ್ಕೆ ತಟ್ಟೆ ತಂದು ಕೈಗೆ ಕೊಟ್ಟಳು. ಅವರು ಒಂದು ತುಂಡು ಮುರಿದು ಬಾಯಿಗಿಟ್ಟರು. ಮೂರು ತುಂಡು ಮುಗಿಸಿ, ಬೆರಳು ಚೀಪಿ, "ಇನ್ನೊಂದು ಕಿಟಕೀನೂ ಕಳಿಸ್ಲೇನಯ್ಯಾ?" ಎಂದು ಕೇಳಿದರು.

ಹೊರಡುವಾಗ ಅವರು ಹೊಸ ಕಿಟಕಿಯನ್ನು ತಟ್ಟಿ ನೋಡಿ, "ಇದು ಹೊನ್ನೆ ತಾನೇ?" ಅಂದರು. ಮಾವ, "ಇವ್ಳನ್ನ ಕೇಳಿ ಸಾ" ಎಂದು ಅತ್ತೆಯ ಕಡೆ ಕೈ ತೋರಿಸಿದ. ಅತ್ತೆ, "ಹೊನ್ನೆನೇ ಸಾ" ಅಂದಳು.

ನನಗೆ ವಿಚಿತ್ರವೆನಿಸಿತು. ಮರದ ವಿಷಯದಲ್ಲಿ ಮಾವ ಹೆಂಡತಿಯನ್ನು ಕೇಳುವುದೆಂದರೇನು? ಅವರು ಹೋದ ಮೇಲೆ ಅತ್ತೆಯ ಜೊತೆ ಹಿತ್ತಲಲ್ಲಿ ತಟ್ಟೆ ತೊಳೆಯುತ್ತಾ ಕೇಳಿದೆ.

ಅತ್ತೆ ತಟ್ಟೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ನಿಮ್ಮಾವಂಗೆ ವಾಸ್ನೆ ಓಗಿ ಎಲ್ಡು ವರ್ಸ ಆಯ್ತು ಕಣವ್ವ" ಅಂದಳು.

ಕೊರೋನಾದ ಜ್ವರ ಬಂದಿತ್ತಲ್ಲ, ಆಗ ಹೋದ ವಾಸನೆ ಮತ್ತೆ ಬರಲೇ ಇಲ್ಲವಂತೆ. ಮೊದಮೊದಲು ಅವನು ಯಾರಿಗೂ ಹೇಳದೆ ಕೆಲಸ ಮಾಡಿದ. ಹಳೇಕೋಟೆಯ ಒಬ್ಬರ ಹೊಸಮನೆಗೆ ಬಾಗಿಲು ಮಾಡಿಕೊಟ್ಟ. ತೇಗವೆಂದು ತಂದ ಮರ ತೇಗವಾಗಿರಲಿಲ್ಲ. ಮೊದಲ ಮಳೆಗೇ ಬಾಗಿಲು ಸೊಟ್ಟಗಾಯಿತು. ಮನೆಯವರು ಅದನ್ನು ಕಿತ್ತು, ಗೂಡ್ಸ್ ಆಟೋದಲ್ಲಿ ತಂದು ಇವರ ಮನೆಯ ಮುಂದೆ ಇಳಿಸಿ ಹೋದರು. ಒಂದು ಮಾತೂ ಬೈಯಲಿಲ್ಲವಂತೆ. ಮಾವ ಸಂಜೆಯವರೆಗೂ ಆ ಬಾಗಿಲಿನ ಪಕ್ಕ ಕೂತು ಮತ್ತೆ ಮತ್ತೆ ಮೂಗು ಒತ್ತಿ ನೋಡಿದ. ಆಮೇಲೆ ದೊಡ್ಡ ಕೆಲಸ ಒಪ್ಪಿಕೊಳ್ಳುವುದನ್ನೇ ಬಿಟ್ಟ. ಮನೆಯಲ್ಲಿ ಮಾತೂ ಬಿಟ್ಟ.

"ಒಂದಿನ ಆ ಫೋನ್ನಾಗೆ ಅದೇನೋ ನೋಡಿದ್ರು. ಹಸೀ ಮರ ಮೂಗಿಗೆ ಅತ್ತದಿದ್ರೆ ಸುಟ್ಟ ಮರನಾದ್ರೂ ಅತ್ತೀತೇನೋ ಅಂದ್ರು."

"ಹಾಗಾದ್ರೆ ಮೀನು ಯಾಕತ್ತೆ?"

"ಬರೀ ಮರ ಸುಟ್ಕಂಡು ಕುಂತ್ರೆ ಜನ ಏನಂತಾರೆ? ಮೀನು ಮಡಗಿದ್ರೆ ಅಡ್ಗೆ ಅಂತಾರೆ. ಬೇವಿನ ದಿಸ ನಾಲಿಗೆಗೆ ಕಯ್ಯಿ ತಾಗ್ತು ನೋಡು, ಮೂರು ದಿಸ ಅದ್ನೇ ಏಳ್ಕಂಡು ತಿರುಗಿದ್ರು."

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ವರ್ಷಾವರ್ಷ ಮಕ್ಕಳಿಗೆ ಮೂಗು ಹಿಡಿದುಕೊಂಡು ಈರುಳ್ಳಿ ಕಚ್ಚಲು ಹೇಳಿ, ವಾಸನೆ ಇಲ್ಲದೆ ರುಚಿ ಹೇಗೆ ಸಪ್ಪೆಯಾಗುತ್ತದೆ ಎಂದು ಪಾಠ ಮಾಡುತ್ತೇನೆ. ಎದುರಿಗೇ ಕೂತು "ಸರಿಯಾಗಿ ಯೋಳು" ಎಂದು ಬೇಡಿದ ಮನುಷ್ಯನಿಗೆ ಮೀನಿನ ವಾಸನೆ ಎಂದು ಉತ್ತರ ಕೊಟ್ಟಿದ್ದೆ. ಬಸ್ಸಿನಲ್ಲಿ ಅಣಕಿಸಿದ್ದೆ.

"ನಂಗೆ ಯಾಕೆ ಹೇಳ್ಲಿಲ್ಲ?"

"ಯಾರ್ಗೂ ಏಳ್ಬ್ಯಾಡ ಅಂದಿದ್ರು. ಮರದ ಕೆಲ್ಸದವನಿಗೆ ಮೂಗಿಲ್ಲ ಅಂದ್ರೆ ಯಾರು ಕೆಲ್ಸ ಕೊಡ್ತಾರೆ ಅಂತ. ಈಗ ಪರವಾಗಿಲ್ಲ. ನಾನೂ ಜೊತೇಲಿ ಓಗ್ತೀನಿ."

ಎಲ್ಲಿಗೆ ಎಂದು ಕೇಳಿದರೆ, ಸಾಮಿಲ್‌ಗೆ! ಹೊಟ್ಟಿನ ಮೇಲೆ ಜೀವಮಾನವಿಡೀ ಹಗೆ ಸಾಧಿಸಿದ ಅತ್ತೆ ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿ, ದಿಮ್ಮಿಗಳ ಮುಂದೆ ಮೊಣಕಾಲೂರಿ ಮೂಸುತ್ತಾಳಂತೆ. ಅವಳಿಗೆ ಮರಗಳ ಹೆಸರು ಗೊತ್ತಿಲ್ಲ. "ಇದು ಮಜ್ಜಿಗೆ ಹುಳಿ ಬಂದಂಗೈತೆ" ಅನ್ನುತ್ತಾಳೆ, "ಇದು ನಿಮ್ಮ ಹಳೇ ಚಪ್ಲಿ ಥರ" ಅನ್ನುತ್ತಾಳೆ. ಮಾವ ಕಣ್ಣು ಮುಚ್ಚಿ ಕೇಳಿಸಿಕೊಂಡು ಮರ ಯಾವುದೆಂದು ಹೇಳುತ್ತಾನೆ. ಮೊದಲು ಹತ್ತಕ್ಕೆ ಆರು ತಪ್ಪುತ್ತಿತ್ತಂತೆ. ಅವಳು ಹೇಳುವುದನ್ನು ಕಲಿತಳು, ಇವನು ಕೇಳುವುದನ್ನು ಕಲಿತ. ಹೋದ ಮಾಘದಲ್ಲಿ ಇಬ್ಬರೂ ಸೇರಿ ಮರ ಆರಿಸಿ, ಹಳೇಕೋಟೆಯ ಮನೆಗೆ ಹೊಸ ಬಾಗಿಲು ಮಾಡಿ, ತಾವೇ ಹೋಗಿ ಕೂರಿಸಿ ಬಂದಿದ್ದಾರೆ. ಈ ಮಳೆಗಾಲ ಅದು ಸೊಟ್ಟಗಾಗಲಿಲ್ಲ.

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ಹಲಗೆಯನ್ನು ಅತ್ತೆಯೇ ಆರಿಸಿ, ತೊಳೆದು, ನೆನೆಸಿ, ಮಸಾಲೆ ಬಳಿದ ಮೀನು ಅದರ ಮೇಲಿಟ್ಟಿದ್ದಳು. ಯಾವ ಮರವೆಂದು ಮಾವನಿಗೂ ಹೇಳಿರಲಿಲ್ಲ, ನನಗೂ ಹೇಳಲಿಲ್ಲ. ಹಲಗೆಯ ಮೈ ಪೂರ್ತಿ ಮಸಿಯಾಗಿತ್ತು. ಅತ್ತೆ ಮೊದಲ ತುಂಡು ನನ್ನ ತಟ್ಟೆಗೆ ಹಾಕಿದಳು.

ಮಾವ ಎದುರಿಗೆ ಕೂತಿದ್ದ. ಈ ಸಲ ಅವನು ಏನೂ ಕೇಳಲಿಲ್ಲ. ನಾನೇ ತಟ್ಟೆಯನ್ನು ಮುಖದ ಹತ್ತಿರ ಹಿಡಿದು ಕಣ್ಣು ಮುಚ್ಚಿದೆ.

"ಮೊದಲು ಬೆಳ್ಳುಳ್ಳಿ ಮಾವ. ಅದು ಬಿಡು, ಮಸಾಲೆ. ಅದರ ಹಿಂದೆ ಹೊಗೆ. ಖಾರದ ಹೊಗೆ ಅಲ್ಲ, ತಣ್ಣಗಿದೆ."

"ಊಂ."

"ಹೇಗೆ ಹೇಳ್ಲಿ? ಅಜ್ಜಿ ಮನೇಲಿ ಬಾವಿ ಇತ್ತಲ್ಲ. ಬೆಳಿಗ್ಗೆ ಮೊದಲ ಕೊಡ ಸೇದಿ ಮೇಲೆ ತಂದಾಗ ಒಂದು ವಾಸನೆ ಬರ್ತಿತ್ತು. ಪಾಚಿದಲ್ಲ. ಸ್ವಲ್ಪ ಒಗರು, ಸ್ವಲ್ಪ ಸಿಹಿ. ಅದು."

ನಾನು ಕಣ್ಣು ಬಿಟ್ಟೆ. ಎದುರಿಗೆ ಮಾವನೂ ಕಣ್ಣು ಮುಚ್ಚಿದ್ದ.

"ನ್ಯಾರಳೆ" ಅಂದ.

ನೇರಳೆಯೇ ಹೌದೆಂದು ಅತ್ತೆ ತಲೆಯಾಡಿಸಿದಳು.

"ನಮ್ಮವ್ವ ಬಾವಿ ತಳಕ್ಕೆ ನ್ಯಾರಳೆ ತುಂಡು ಆಕ್ಸಿದ್ಲು ಕಣವ್ವ, ನೀರು ಸೀಯಾಗ್ಲಿ ಅಂತ. ನಾನೇ ಇಳ್ದು ಮಡಗಿದ್ದು. ನೀನಿನ್ನೂ ಉಟ್ಟಿರ್ನಿಲ್ಲ." ಆಮೇಲೆ ನನ್ನ ಕಡೆಗೆ ಬಾಗಿ, ಮೆಲ್ಲಗೆ, "ಇನ್ನೊಂದ್ಸಲ ಯೋಳು" ಅಂದ.

ನಾನು ಮತ್ತೆ ಕಣ್ಣು ಮುಚ್ಚಿದೆ.