ಸ್ವಪರಿಚಯ ಪತ್ರದಲ್ಲಿ ತೀರಿಕೊಂಡ ಅಜ್ಜಿಯನ್ನು ಬದುಕಿಸಿಕೊಡುವ ಬಗ್ಗೆ

ಇಂದ,
ಅರ್ಜಿದಾರಳು (ಎರಡನೆಯ ಹಾಗೂ ನಿಯಮದ ಪ್ರಕಾರ ಕೊನೆಯ ಸಲ),
ಕನ್ನಡಕದ ಅಂಗಡಿಯ ಮೇಲಿನ ಮನೆ,
ಬಸ್ ನಿಲ್ದಾಣದ ಹಿಂದಿನ ರಸ್ತೆ.

ಗೆ,
ಮಾನ್ಯ ಅಧ್ಯಕ್ಷರು,
ಪ್ರವೇಶ ಸಂದರ್ಶನ ಸಮಿತಿ,
ವೈದ್ಯಕೀಯ ಕಾಲೇಜು.

ವಿಷಯ: ನನ್ನ ಸ್ವಪರಿಚಯ ಪತ್ರದ ಎರಡನೆಯ ಪ್ಯಾರಾದಲ್ಲಿ ನಿಧನರಾಗಿರುವ ಅಜ್ಜಿಯನ್ನು ಸಂದರ್ಶನಕ್ಕೆ ಮುಂಚಿತವಾಗಿ ಬದುಕಿಸಿ, ದಾಖಲೆ ತಿದ್ದಿಕೊಳ್ಳುವ ಬಗ್ಗೆ.

ಉಲ್ಲೇಖ: ೧. ತಮ್ಮ ಕಚೇರಿಯ ಹೋದ ವರ್ಷದ ತಿರಸ್ಕಾರ ಪತ್ರ.
೨. ಈ ವರ್ಷ ನಾನು ಸಲ್ಲಿಸಿರುವ ಸ್ವಪರಿಚಯ ಪತ್ರ.
೩. ನಿನ್ನೆ ಸಂಜೆ ಅಜ್ಜಿಗೂ ನನಗೂ ಆದ ಜಗಳ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನನ್ನ ಅಜ್ಜಿ ಸತ್ತಿಲ್ಲ. ಈ ಅರ್ಜಿ ಬರೆಯುತ್ತಿರುವಾಗ ಅವರು ಪಕ್ಕದಲ್ಲೇ ಕುಳಿತು, "ಅಕ್ಷರ ನೋಡು, ಕೋಳಿ ಕೆದರಿದ ಹಾಗಿದೆ. ಡಾಕ್ಟರ್ ಆಗೋ ಲಕ್ಷಣ ನಿನಗೆ ಇದೊಂದೇ ಇರೋದು" ಎನ್ನುತ್ತಿದ್ದಾರೆ. ಆದರೆ ತಮ್ಮ ಕಡತದಲ್ಲಿರುವ ಪತ್ರದ ಪ್ರಕಾರ ಅವರು ಹೃದಯಾಘಾತವಾಗಿ, ವೈದ್ಯರು ಸಿಗದೆ, ನನ್ನ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದ್ದಾರೆ. ಹೀಗಾಗಲು ಕಾರಣಗಳನ್ನು ಈ ಕೆಳಗಿನಂತೆ ನಿವೇದಿಸಿಕೊಳ್ಳುತ್ತೇನೆ.

೧. ಹೋದ ವರ್ಷ ಸಮಿತಿಯು ನನ್ನನ್ನು "ವೈದ್ಯಳಾಗಬೇಕೆಂದು ಯಾಕೆ ಅನ್ನಿಸಿತು?" ಎಂದು ಕೇಳಿತ್ತು. ನಾನು "ಮಾರ್ಕ್ಸ್ ಬಂದಿತ್ತು ಸಾರ್, ಅದಕ್ಕೇ" ಎಂದು ಉತ್ತರಿಸಿದ್ದೆ. ಸದಸ್ಯರೊಬ್ಬರು ನಕ್ಕರು. ನಕ್ಕರೆಂದರೆ ಒಪ್ಪಿದರೆಂದೇ ತಿಳಿದು ನಾನೂ ನಕ್ಕು, ಮನೆಗೆ ಬಂದು ಸೀಟು ಸಿಕ್ಕೇಬಿಟ್ಟಿತೆಂದು ಬೀದಿಗೆಲ್ಲ ಸಾರಿದೆ. ಆಮೇಲೆ ತಮ್ಮ ಪತ್ರ ಬಂತು. ಅದರಲ್ಲಿ "ಪ್ರೇರಣೆಯ ಅಭಾವ" ಎಂದಿತ್ತು. ಆದ್ದರಿಂದ ಈ ವರ್ಷ ಮನೆಯವರೆಲ್ಲ ಸೇರಿ ನನಗೊಂದು ಪ್ರೇರಣೆ ಒದಗಿಸಲು ನಿರ್ಧರಿಸಿದರು.

೨. ಈ ಜವಾಬ್ದಾರಿಯನ್ನು ನನ್ನ ಸೋದರಮಾವ ವಹಿಸಿಕೊಂಡರು. ಹೊಟ್ಟೆಪಾಡಿಗೆ ಅವರದು ಕನ್ನಡಕದ ಅಂಗಡಿ. ಆದರೆ ಜೀವ ಇರುವುದು ಅವರೇ ಕಟ್ಟಿದ ಹವ್ಯಾಸಿ ನಾಟಕ ತಂಡದಲ್ಲಿ. ಅಜ್ಜಿ, ಅಂದರೆ ಅವರ ತಾಯಿ, ಆ ತಂಡದ ಅತ್ಯಂತ ಹಿರಿಯ ನಟಿ. ಸಾಯುವ ಪಾತ್ರವಿದ್ದರೆ ಬೇರೆ ಯಾರಿಗೂ ಬಿಟ್ಟುಕೊಟ್ಟವರಲ್ಲ. ಮಾವ ನನ್ನ ಪ್ರೇರಣೆಯನ್ನು ಒಂದೇ ಸಂಜೆಯಲ್ಲಿ ಬರೆದು ಮುಗಿಸಿ ಓದಿ ಹೇಳಿದಾಗ ಅಮ್ಮ ಒಬ್ಬರೇ ತಕರಾರು ತೆಗೆದರು. ಅಮ್ಮ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವರು. ತಪ್ಪು ಕಂಡರೆ ಕೈ ತುರಿಸುತ್ತದೆ.

"ಅಮ್ಮ ಬದುಕಿದ್ದಾಳಲ್ಲೋ, ಎದುರಿಗೇ ಕೂತಿದ್ದಾಳೆ!"

"ಅಕ್ಕ, ಬದುಕಿರೋ ಅಜ್ಜಿಗೆ ಯಾರೂ ಸೀಟು ಕೊಡಲ್ಲ."

ಅಜ್ಜಿ ಯೋಚಿಸಿ ಹೇಳಿದರು: "ನಾನು ಸತ್ರೆ ಮಗೂಗೆ ಸೀಟು ಸಿಗತ್ತೆ ಅಂದ್ರೆ ಸಾಯೋಣ ಬಿಡು, ಅದಕ್ಕೇನಂತೆ. ಆದ್ರೆ ಕೆಮ್ಮಿ ಕೆಮ್ಮಿ ಸಾಯೋದೆಲ್ಲ ಬೇಡಪ್ಪ, ನೋಡೋಕೆ ಚೆನ್ನಾಗಿರಲ್ಲ. ಹಾರ್ಟಿಂದು ಇಡು."

ಆ ಕಾರಣ, ಕ್ಷಯವೆಂದಿದ್ದದ್ದನ್ನು ಹೊಡೆದುಹಾಕಿ ಹೃದಯಾಘಾತವೆಂದು ತಿದ್ದಲಾಯಿತು. ನಾನು ಸಹಿ ಹಾಕಿದೆ. ಸಹಿ ಹಾಕುವಾಗ ನನಗೆ ಏನೂ ಅನ್ನಿಸಲಿಲ್ಲ ಎಂಬುದನ್ನೂ ಸಮಿತಿಯು ದಯವಿಟ್ಟು ಗಮನಿಸಬೇಕು.

೩. ತಾಲೀಮು ಅಂಗಡಿಯಲ್ಲೇ ನಡೆಯುತ್ತಿತ್ತು. ಗಿರಾಕಿಗಳು ಹೋದ ಮೇಲೆ ಷಟರ್ ಅರ್ಧ ಇಳಿಸಿ, ಗಾಜಿಲ್ಲದ ಫ್ರೇಮುಗಳನ್ನು ಹಾಕಿಕೊಂಡು ಮಾವ ಮತ್ತು ಅಮ್ಮ ಕೌಂಟರಿನ ಹಿಂದೆ ಕೂರುತ್ತಿದ್ದರು. ಅವರೇ ತಾವು, ಅಂದರೆ ಸಮಿತಿ. ಅಧ್ಯಕ್ಷರ ಫ್ರೇಮು ದಪ್ಪ ಕರಿಯದು. ಅದನ್ನು ಹಾಕಿಕೊಂಡರೆ ಮಾವ ಮೂಗಿನಲ್ಲಿ ಮಾತಾಡುತ್ತಾರೆ. ತಾವು ಹಾಗೆ ಮಾತಾಡುವುದಿಲ್ಲವೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಜ್ಜಿ ಮೊದಲು ಮೂರನೆಯ ಸದಸ್ಯೆಯಾಗಿದ್ದರು. ನನ್ನ ಉತ್ತರದಲ್ಲಿ ಭಾವ ಸಾಲದೆಂದು ಕಂಡು, ತಾವಾಗಿಯೇ ಎದ್ದು ಬಂದು ಕಣ್ಣು ಪರೀಕ್ಷೆಯ ಒರಗು ಕುರ್ಚಿಯಲ್ಲಿ ಮಲಗಿ, ನನ್ನ ಕೈ ಹಿಡಿದುಕೊಂಡು ಸಾಯತೊಡಗಿದರು. ಸತ್ತ ಮೇಲೆ ಪ್ರತಿ ಸಲವೂ ಒಂದು ಕಣ್ಣು ತೆರೆದು "ಹೇಗಿತ್ತು?" ಎಂದು ಕೇಳುವುದು ಅವರ ಪದ್ಧತಿ.

ಮಾವನ ಕಟ್ಟಪ್ಪಣೆ ಒಂದೇ: "ಏನೇ ಆಗಲಿ, ಮಧ್ಯೆ ನಿಲ್ಲಿಸಬೇಡ. ಆಕಾಶ ಕಳಚಿ ಬಿದ್ರೂ ಡೈಲಾಗು ಮುಗಿಸು."

೪. ಅಂತಿಮ ತಾಲೀಮಿನ ದಿನ ಅಜ್ಜಿ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಊಟ ಮಾಡದೆ ಕೆಳಗಿಳಿದು ಬಂದಿದ್ದರು. ಹೊಟ್ಟೆ ತುಂಬಿದ್ದರೆ ಸಾಯುವಾಗ ತೇಗು ಬಂದು ಸೀನು ಕೆಡುತ್ತದೆ ಎಂಬುದು ಅವರ ಅನುಭವ. ನಾನು ಉತ್ತರ ಶುರುಮಾಡಿ ಇನ್ನೂ ಬಾಲ್ಯದಲ್ಲಿದ್ದೆ. ಅಷ್ಟರಲ್ಲೇ ಅಜ್ಜಿಯ ತಲೆ ವಾಲಿತು.

"ಅಮ್ಮಾ, ನಿನ್ನ ಸಾವು ಇನ್ನೂ ಬಂದಿಲ್ಲ, ತಡಿ!" ಎಂದರು ಮಾವ.

ಅಜ್ಜಿ ಏನೋ ತೊದಲಿದರು. ಅವರ ಕೈ ಬೆವರಿ ತಣ್ಣಗಾಗಿತ್ತು. ಹಣೆಯಲ್ಲೂ ನೀರಿಳಿಯುತ್ತಿತ್ತು. ಮಾವ ಅಮ್ಮನ ಕಡೆ ವಾಲಿ, "ನೋಡಕ್ಕ, ನೋಡು! ಬೆವರು ಕೂಡ ತರಿಸ್ಕೊಂಡ್ಲು! ಈ ವಯಸ್ಸಲ್ಲಿ!" ಎಂದು ಚಪ್ಪಾಳೆ ತಟ್ಟಿದರು. ನಾನು ನಿಲ್ಲಿಸಲಿಲ್ಲ. "ತಣ್ಣಗಾಗುತ್ತಿದ್ದ ಆ ಕೈ ನನಗೆ ಬದುಕಿನ ದಾರಿ ತೋರಿಸಿತು" ಎಂಬ ವಾಕ್ಯವನ್ನು, ತಣ್ಣಗಾಗುತ್ತಿದ್ದ ಆ ಕೈಯನ್ನೇ ಹಿಡಿದುಕೊಂಡು, ಸ್ಪಷ್ಟ ಉಚ್ಚಾರಣೆಯಲ್ಲಿ, ಎಲ್ಲೂ ತಡವರಿಸದೆ ಹೇಳಿ ಮುಗಿಸಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ.

ಆಮೇಲೆ ಎಲ್ಲರೂ ಕಾದೆವು. ಅಜ್ಜಿ ಕಣ್ಣು ತೆರೆಯಲಿಲ್ಲ. ಹೇಗಿತ್ತು ಎಂದು ಕೇಳಲಿಲ್ಲ.

೫. ಆಗ ನಾನು ಕೈಗೊಂಡ ಕ್ರಮಗಳ ವಿವರ: ಯಾವುದೂ ಇಲ್ಲ. ಜೀವಶಾಸ್ತ್ರದಲ್ಲಿ ಪೂರ್ಣ ಅಂಕ ಪಡೆದಿರುವ ನಾನು ಬೆಪ್ಪಾಗಿ ನಿಂತಿದ್ದೆ. ಆಂಬ್ಯುಲೆನ್ಸಿಗೆ ಫೋನು ಮಾಡಿದ್ದು ಅಮ್ಮ. ಮಾವ ಅಧ್ಯಕ್ಷರ ಫ್ರೇಮು ಹಾಕಿಕೊಂಡೇ ಆಂಬ್ಯುಲೆನ್ಸ್ ಹತ್ತಿ, ಆಸ್ಪತ್ರೆಯವರೆಗೂ ಮಗುವಿನ ಹಾಗೆ ಅಳುತ್ತಾ ಬಂದರು.

ತುರ್ತು ಚಿಕಿತ್ಸೆಯ ಕೊಠಡಿಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಹೆಚ್ಚೆಂದರೆ ನನಗೆ ಅಕ್ಕನಾಗುವಷ್ಟು ದೊಡ್ಡವರು; ಒಂದು ಶೂ ಲೇಸು ಬಿಚ್ಚಿಹೋಗಿತ್ತು. ಅಜ್ಜಿಯ ಬೆರಳು ಚುಚ್ಚಿ ನೋಡುತ್ತಲೇ ಪ್ರಶ್ನೆ ಕೇಳತೊಡಗಿದರು. ಏನು ಮಾತ್ರೆ, ಯಾವಾಗ ತಗೊಂಡರು, ಊಟ ಆಗಿತ್ತಾ? ಅಳುತ್ತಿದ್ದವರ ನಡುವೆ ಉತ್ತರ ಗೊತ್ತಿದ್ದದ್ದು ನನಗೊಬ್ಬಳಿಗೇ. ಹೇಳಿದೆ.

"ಬೆವರೋಕೆ ಶುರುವಾಗಿದ್ದು ಯಾವಾಗ?"

"ಫೋನು ಮಾಡೋಕೆ ಸ್ವಲ್ಪ ಹೊತ್ತು ಮುಂಚೇನೇ."

"ಆಗಲೇ ಗೊತ್ತಾಗಿತ್ತಾ ನಿಮಗೆ? ಮತ್ತೆ ಏನು ಮಾಡ್ತಿದ್ರಿ?"

ಮಾನ್ಯರೇ, ಈ ಪ್ರಶ್ನೆಗೆ ಮಾವ ಉತ್ತರ ಬರೆದುಕೊಟ್ಟಿರಲಿಲ್ಲ. "ಅವರು ಸತ್ತ ಬಗ್ಗೆ ಮಾತಾಡ್ತಿದ್ದೆ" ಎಂದೆ. ಡಾಕ್ಟರಮ್ಮ ನನ್ನನ್ನೊಮ್ಮೆ ನೋಡಿ, ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆಯೆಂದು ನರಕ್ಕೆ ಗ್ಲೂಕೋಸ್ ಏರಿಸಿದರು.

ನಾನು ನೋಡುತ್ತಲೇ ಇದ್ದೆ. ಅಜ್ಜಿಯ ಮುಖಕ್ಕೆ ಬಣ್ಣ ಬಂತು. ತುಟಿ ಅಲುಗಿತು. ಒಂದು ಕಣ್ಣು ತೆರೆದು, ಡಾಕ್ಟರಮ್ಮನನ್ನು ನೋಡಿ, "ಹೇಗಿತ್ತು?" ಎಂದರು.

"ಚೆನ್ನಾಗಿತ್ತಜ್ಜಿ" ಎಂದು ಡಾಕ್ಟರಮ್ಮ ಬಗ್ಗಿ ಶೂ ಲೇಸು ಕಟ್ಟಿಕೊಂಡು ಪಕ್ಕದ ಮಂಚಕ್ಕೆ ಹೋದರು.

೬. ಆ ಗಳಿಗೆಯಲ್ಲಿ ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಜೊತೆಗೇ ಆ ಡಾಕ್ಟರಮ್ಮನ ಮೇಲೆ ವಿಪರೀತ ಹೊಟ್ಟೆಕಿಚ್ಚಾಯಿತು. ಅದು ನನ್ನ ಅಜ್ಜಿ. ಕೈ ಹಿಡಿದಿದ್ದವಳು ನಾನು. ಬೆವರು ಕಂಡವಳು ನಾನು. ವಾಪಸ್ ಕರೆದು ತಂದದ್ದು ಮಾತ್ರ ಇವರು. ಸೇವೆ, ತ್ಯಾಗ, ಮಾನವೀಯತೆ ಇತ್ಯಾದಿ ಸ್ವಪರಿಚಯ ಪತ್ರದಲ್ಲಿ ಇರುವ ಯಾವುದೂ ಆಗ ತಲೆಗೆ ಬರಲಿಲ್ಲ. ಇನ್ನೊಮ್ಮೆ ಯಾರದೇ ಕೈ ನನ್ನ ಕೈಯಲ್ಲಿ ತಣ್ಣಗಾದರೆ ನಾನು ಹೀಗೆ ದಂಡಪಿಂಡವಾಗಿ ನಿಂತಿರಬಾರದು ಎಂದಷ್ಟೇ ಅನ್ನಿಸಿತು. ಇದು ಪ್ರೇರಣೆಯ ವ್ಯಾಖ್ಯೆಯೊಳಗೆ ಬರುತ್ತದೋ ಇಲ್ಲವೋ ನನಗೆ ತಿಳಿಯದು.

೭. ಅಂದಿನಿಂದ ಹಳೆಯ ಉತ್ತರ ಹೇಳಲು ನಾಲಿಗೆ ಹೊರಳುತ್ತಿಲ್ಲ. "ನನ್ನ ಅಜ್ಜಿ" ಎಂಬಲ್ಲಿಗೇ ನಿಲ್ಲಿಸಿ, ಅವರ ಕೈ ಬೆಚ್ಚಗಿದೆಯೇ ಎಂದು ಮುಟ್ಟಿ ನೋಡುತ್ತೇನೆ. ಮಾವ ಮೊದಲು "ಇದೇ, ಇದೇ ಭಾವ ಬೇಕಿತ್ತು!" ಎಂದರು. ಆಮೇಲೆ ನನ್ನ ಮುಖ ನೋಡಿ, ಫ್ರೇಮುಗಳನ್ನೆಲ್ಲ ಷೋಕೇಸಿನಲ್ಲಿ ವಾಪಸ್ ಇಟ್ಟರು. ಅಮ್ಮ "ತಿದ್ದುಪಡಿ ಕಳಿಸು. ಗೊತ್ತಿದ್ದೂ ತಪ್ಪು ಪ್ರೂಫು ಬಿಡೋಕಾಗಲ್ಲ" ಎಂದರು. ವಿರೋಧ ಬಂದದ್ದು ಮೃತರಿಂದಲೇ.

"ಸುಮ್ನಿರೇ. ಸೀಟು ಸಿಗೋವರೆಗೂ ನಾನು ಸತ್ತೇ ಇರ್ತೀನಿ. ಮನೆ ಬಿಟ್ಟು ಆಚೆ ಬರಲ್ಲ. ಯಾರಾದ್ರೂ ವಿಚಾರಿಸ್ಕೊಂಡು ಬಂದ್ರೆ ಟೆರೇಸಿಗೆ ಹೋಗ್ತೀನಿ. ನನಗೇನು ಕಷ್ಟ ಅದರಲ್ಲಿ?"

ನಾನು ಅಜ್ಜಿಯ ಮೇಲೆ ಮೊದಲ ಸಲ ರೇಗಿದೆ. "ನೀನು ಸತ್ತು ಬರೋ ಸೀಟು ನನಗೆ ಬೇಡವೇ ಬೇಡ" ಎಂದು ಕಿರುಚಿದೆ. ಆಮೇಲೆ ಬಚ್ಚಲಿಗೆ ಹೋಗಿ, ಸೀಟು ತಪ್ಪಿದರೆ ಗತಿಯೇನೆಂದು ಅತ್ತೆ. ಎರಡೂ ನಿಜ.

ಆದ್ದರಿಂದ ತಾವು ದಯಮಾಡಿ:

ಅ) ಎರಡನೆಯ ಪ್ಯಾರಾದ ಸಾವನ್ನು ರದ್ದುಪಡಿಸಬೇಕು;

ಆ) ಹೋದ ವರ್ಷ ಕೇಳಿದ ಪ್ರಶ್ನೆಯನ್ನೇ ಈ ಸಲವೂ ಕೇಳಬೇಕು. ಈಗ ಬಾಯಿಪಾಠ ಇಲ್ಲದ ಕಾರಣ ನಾನು ತೊದಲುವ, ಮಧ್ಯೆ ನಿಲ್ಲಿಸುವ ಸಂಭವವಿದೆ;

ಇ) ಸುಳ್ಳು ಬರೆದದ್ದಕ್ಕೆ ಸಂದರ್ಶನಕ್ಕೇ ಕರೆಯಬಾರದೆಂಬ ನಿಯಮವಿದ್ದಲ್ಲಿ, ಅದನ್ನು ಪಾಲಿಸಬೇಕಾಗುತ್ತದೆಂದು ನನಗೂ ಗೊತ್ತಿದೆ. ಗೊತ್ತಿದ್ದೇ ಈ ಅರ್ಜಿ ಸಲ್ಲಿಸುತ್ತಿದ್ದೇನೆ.

ತಮ್ಮ ವಿಶ್ವಾಸವನ್ನು ಇನ್ನು ಮುಂದೆ ಗಳಿಸಬೇಕಿರುವ,
ಅರ್ಜಿದಾರಳು
(ಸಹಿ, ಈ ಸಲ ಓದಿ ಹಾಕಿದ್ದು)

ಲಗತ್ತುಗಳು:
೧. ತಿದ್ದಿದ ಸ್ವಪರಿಚಯ ಪತ್ರ. ಬಹಳ ಚಿಕ್ಕದು.
೨. ಆಸ್ಪತ್ರೆಯ ಬಿಡುಗಡೆ ಪತ್ರದ ನಕಲು. "ರೋಗಿ ಮಾತು ಜಾಸ್ತಿ ಆಡುತ್ತಾರೆ" ಎಂಬ ಷರಾ ಡಾಕ್ಟರಮ್ಮನದೇ.
೩. ಅಜ್ಜಿಯ ಇತ್ತೀಚಿನ ಭಾವಚಿತ್ರ. ಕಣ್ಣು ಮುಚ್ಚಿದ್ದಾರೆ, ಅದು ಫ್ಲಾಷಿನಿಂದ.

ವಿಶೇಷ ಸೂಚನೆ (ಅಜ್ಜಿ ಎದ್ದು ಮಲಗಲು ಹೋದ ಮೇಲೆ ಬರೆದದ್ದು): ನನಗೆ ಸೀಟು ಕೊಡದಿರುವ ಪಕ್ಷದಲ್ಲಿ, ತಿರಸ್ಕಾರ ಪತ್ರದ ಕಾರಣದ ಜಾಗದಲ್ಲಿ ಅಜ್ಜಿಯ ಹೆಸರು ಎತ್ತಬಾರದೆಂದು ಕೋರುತ್ತೇನೆ. ಮನೆಗೆ ಬರುವ ಪತ್ರವನ್ನು ಮೊದಲು ಒಡೆದು ಓದುವವರು ಅವರೇ. ತಾನು ಬದುಕಿದ್ದಕ್ಕೆ ಮೊಮ್ಮಗಳ ಸೀಟು ಹೋಯಿತೆಂದು ಅಂದುಕೊಳ್ಳುತ್ತಾರೆ. "ಅಭ್ಯರ್ಥಿ ದಡ್ಡಿ" ಎಂದು ಬರೆದು ಕಳುಹಿಸಿದರೆ ಸಾಕು. ಅವರು ನಂಬುವುದಿಲ್ಲ. ತಮ್ಮನ್ನೆಲ್ಲ ಚೆನ್ನಾಗಿ ಬೈದು, ಊಟ ಮಾಡುತ್ತಾರೆ.