ಬೀಪ್ ಆದ ಮೇಲೆ ಗಂಡನ ಹೆಸರು

ಇದನ್ನು ಓದುತ್ತಿರುವವರೇ, ಬಹಿರಂಗ ಪತ್ರ ಎಂದ ಕೂಡಲೇ ಚಹಾದ ಕಪ್ಪು ಹಿಡಿದು ಕಾಲ ಮೇಲೆ ಕಾಲು ಹಾಕಿ ಕುಳಿತಿರಲ್ಲ, ಮೊದಲು ಕಾಲು ಕೆಳಗಿಳಿಸಿ. ನಾಲ್ಕನೆಯ ಇಯತ್ತೆ ಕಲಿತ ಮುದುಕಿಯ ಕಾಗದದಲ್ಲಿ ತಪ್ಪು ಹುಡುಕುವವರು ಹುಡುಕಿ ತಮ್ಮ ಹತ್ತಿರವೇ ಇಟ್ಟುಕೊಳ್ಳಲಿ. ಈ ಪತ್ರ ನಿಮಗಲ್ಲ, ನೀವು ಸಾಕ್ಷಿಗೆ ಮಾತ್ರ.

ಮಾನ್ಯರೇ, ಅಂದರೆ ದೊಡ್ಡ ದವಾಖಾನೆಯ ಫೋನಿನೊಳಗೆ ವಾಸವಾಗಿರುವ, ಮುಖ ಕಾಣದ, ಮುಪ್ಪು ಬಾರದ, ಉಸಿರು ತೆಗೆದುಕೊಳ್ಳದೆ ಮಾತಾಡುವ ಅಕ್ಕಾರೇ, ಮೊರಬದಿಂದ ಕಸ್ತೂರೆವ್ವನ ಶರಣು. ತಾವು ಆರಾಮ ಇರುವಿರೆಂದು ನಂಬಿದ್ದೇನೆ; ಇಲ್ಲವೆಂದರೂ ಕೇಳುವ ದಾರಿಯಿಲ್ಲ, ಯಾಕೆಂದರೆ ನಡುವೆ ಬಾಯಿ ಹಾಕಲು ತಾವು ಯಾರಿಗೂ ಬಿಡುವುದಿಲ್ಲ.

ನಮ್ಮ ಯಜಮಾನರಿಗೆ ಲಕ್ವಾ ಹೊಡೆದು, ತಮ್ಮ ದವಾಖಾನೆಯಲ್ಲಿ ಮಲಗಿ, ಬಲಗೈಯನ್ನೂ ಮಾತನ್ನೂ ಅರ್ಧಮರ್ಧ ಅಲ್ಲೇ ಬಿಟ್ಟು ಮನೆಗೆ ಬಂದದ್ದು ತಮಗೆ ಗೊತ್ತಿರಬೇಕು. ಕಳಿಸುವಾಗ ಅಲ್ಲಿಯ ನರ್ಸಮ್ಮ, “ನುಂಗೂ ಶಕ್ತಿ ಇನ್ನೂ ಪೂರಾ ಬಂದಿಲ್ಲ ಆಯಿ, ಗಂಜಿ, ಕಿವುಚಿದ ಅನ್ನ ಅಷ್ಟ ಕೊಡ್ರಿ. ರೊಟ್ಟಿ ಯಾವಾಗ ಅನ್ನೂದು ಫೋನ್ ಬಂದಾಗ ಕೇಳ್ರಿ. ಅಲ್ಲೀತನಕ ಒಂದು ತುಣುಕೂ ಬ್ಯಾಡ, ಗಂಟಲದಾಗ ಸಿಕ್ಕರ ಜೀವಕ್ಕ ಕುತ್ತು” ಎಂದು ಹೇಳಿದ್ದಳು. ಹಲ್ಲು ಬಂದಾಗಿನಿಂದ ಜೋಳದ ರೊಟ್ಟಿ ತಿಂದ ಮನುಷ್ಯ ಈಗ ಗಂಜಿಯ ಬಟ್ಟಲು ಕಂಡರೆ ಗೋಡೆಯ ಕಡೆ ಮುಖ ತಿರುಗಿಸುತ್ತಾರೆ, ಅಂಗಿಯೊಳಗೆ ಇನ್ನೊಬ್ಬರು ಹಿಡಿಯುವಷ್ಟು ಸೊರಗಿದ್ದಾರೆ. ರೊಟ್ಟಿ ಬಡಿಯುವ ಸಪ್ಪಳ ಕೇಳಿದರೆ ಕಣ್ಣಲ್ಲಿ ನೀರು ತರುತ್ತಾರೆಂದು ನಾನು ಹಿಟ್ಟು ಹೊತ್ತುಕೊಂಡು ಬಾಜು ಮನೆಯ ಅಜೀಜಾಬಿಯ ಒಲೆಗೆ ಹೋಗುತ್ತೇನೆ, ಅಲ್ಲಿ ರೊಟ್ಟಿ ಮಾಡಿ, ಸೆರಗಿನಲ್ಲಿ ಮುಚ್ಚಿಕೊಂಡು, ನಮ್ಮ ಮನೆಗೆ ನಾನೇ ಕಳ್ಳಿಯಂತೆ ಹಿತ್ತಲಿಂದ ಒಳಬರುತ್ತೇನೆ.

ಫೋನ್ ತಾವಾಗಿಯೇ ಮಾಡುತ್ತೀರಿ, ಅದು ತಮ್ಮ ದೊಡ್ಡ ಗುಣ. ಆದರೆ ಹೊತ್ತು ಎಂಥದು ಆರಿಸುತ್ತೀರೆಂದರೆ, ಮಗ ಹೊಳೆಯಪ್ಪ ಟ್ರ್ಯಾಕ್ಟರ್ ಮೇಲೆ, ಸೊಸೆ ಸುನೀತಾ ಅಂಗನವಾಡಿಯಲ್ಲಿ, ಮನೆಯಲ್ಲಿ ನಾನು ಮತ್ತು ಮಂಚದ ಮೇಲೆ ಇವರು. ತಿರುಗಿ ಅದೇ ನಂಬರಿಗೆ ಹಚ್ಚಿದರೆ ಹತ್ತುವುದಿಲ್ಲ. ಹೊಳೆಯಪ್ಪ ಖುದ್ದು ಹೋಗಿ ಕೇಳಿದರೆ ಕಿಟಕಿಯಲ್ಲಿ ಕುಳಿತವರು, “ಫೋನ್ ಬರತೈತಲ್ಲರಿ, ಅದರಾಗ ಕೇಳ್ರಿ” ಎಂದು ಸಾಗಹಾಕಿದರು. ‘ನಿಮ್ಮ ಕರೆ ನಮಗೆ ಅಮೂಲ್ಯ’ ಎನ್ನುತ್ತೀರಿ. ಕರೆ ಮಾಡಿದವರು ತಾವು, ಅಮೂಲ್ಯವಾದದ್ದು ನನ್ನದು; ಇಷ್ಟು ದೊಡ್ಡ ಮನಸ್ಸು ನಮ್ಮ ಬೀಗರಲ್ಲೂ ನಾನು ಕಂಡಿಲ್ಲ. ಹೀಗೆ ಹೊಗಳಿ ಕೂಡಿಸಿ, ನರ್ಸಿನ ಜೊತೆ ಮಾತಾಡಬೇಕಾದರೆ ಬೀಪ್ ಶಬ್ದದ ನಂತರ ರೋಗಿಯ ಹೆಸರು ಹೇಳಿ ಎನ್ನುತ್ತೀರಿ.

ಅಕ್ಕಾರೇ, ತಾವು ಯಾವ ಸೀಮೆಯವರು? ತಾಳಿ ಕಟ್ಟಿಸಿಕೊಂಡಾಗಿನಿಂದ ಆ ಹೆಸರು ನನ್ನ ಬಾಯಿಂದ ಬರಿದಾಗಿ ಬಂದಿಲ್ಲ. ರೇಶನ್ ಅಂಗಡಿಯಲ್ಲಿ ಹಿಂದೆ ನಿಂತವರು ಹೇಳಿದ್ದಾರೆ, ಮತ ಹಾಕುವಲ್ಲಿ ಮಾಸ್ತರರು ತಾವೇ ಓದಿಕೊಂಡಿದ್ದಾರೆ. ಹೆಸರು ಹಿಡಿದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದಳು. ಅತ್ತೆಯ ಎಷ್ಟೋ ಮಾತನ್ನು ನಾನು ಕಿವಿಗೇ ಹಾಕಿಕೊಂಡಿಲ್ಲ, ಇದೂ ಸುಳ್ಳೇ ಇರಬಹುದು. ಆದರೆ ಈಗಷ್ಟೇ ದವಾಖಾನೆಯಿಂದ ಬಂದ ಮನುಷ್ಯನ ಮೇಲೆ ಅದನ್ನು ಪರೀಕ್ಷೆ ಮಾಡಲು ನಾನು ತಯಾರಿಲ್ಲ.

“ನಮ್ಮ ಮನಿಯವರು ರೀ” ಎಂದೆ. ಕ್ಷಮಿಸಿ, ಈ ಹೆಸರಿನ ರೋಗಿ ಇಲ್ಲ ಎಂದಿರಿ. “ಹೊಳೆಯಪ್ಪನ ಅಪ್ಪ” ಎಂದೆ, ಅವರೂ ಇಲ್ಲವಂತೆ. ಮುಂದಿನ ಸಲ ಅಜೀಜಾಬಿಯನ್ನು ಕರೆದು ಕೂಡಿಸಿಕೊಂಡೆ. ಹಿರಿಯರ ಹೆಸರನ್ನು ಬರಿದೇ ಹೇಳುವುದು ಹೇಗೆಂದು ಆಕೆ ಹಿಂದೆ ‘ಅಣ್ಣಾವ್ರು’ ಜೋಡಿಸಿ ಹೇಳಿದಳು. ತಮ್ಮ ದಾಖಲೆಯಲ್ಲಿ ಅಣ್ಣಾವ್ರಿಗೂ ಜಾಗವಿಲ್ಲ. ಆಗ ಅಜೀಜಾಬಿ, “ಲಗ್ನದಾಗ ಒಡಪು ಹಾಕಿ ಹೇಳ್ತೀರಲ್ಲ, ಹಂಗ ಹೇಳ ಬೇ, ಅದಕ್ಕ ದೋಷ ಇಲ್ಲ” ಎಂದಳು. ಖರೆ, ಒಡಪಿನ ಪದ್ಯದೊಳಗೆ ಮುಚ್ಚಿ ಹೇಳಿದರೆ ಗಂಡನ ಹೆಸರಿಗೆ ಬಾಧೆಯಿಲ್ಲ. ತಮ್ಮ ಮುಂದಿನ ಫೋನಿಗೆ ನಾನು ತಲೆಯ ಮೇಲೆ ಸೆರಗು ಹೊದ್ದು, ಬೀಪ್ ಆದ ಕೂಡಲೇ ರಾಗವಾಗಿ ಹೇಳಿದೆ:

ಕರಿ ಕಂಬಳಿ ಹೆಗಲ ಮ್ಯಾಲ, ಕುರಿ ಹಿಂಡು ಬೆನ್ನ ಹಿಂದ,
ಮಾಳಿಂಗರಾಯರು ಉಂಡು ಎದ್ದರ ನನಗ ಊಟ ಚಂದ.

ಲಗ್ನದ ಹಂದರದಲ್ಲಿ ಇದಕ್ಕೆ ಹೆಂಗಸರು ಚಪ್ಪಾಳೆ ತಟ್ಟುತ್ತಾರೆ. ತಾವು, ಸಮಯ ಮೀರಿದೆ, ಹೆಸರನ್ನು ಮಾತ್ರ ಹೇಳಿ ಎಂದಿರಿ.

ಆಗ ಮಂಚದಿಂದ ಒಂದು ದನಿ ಬಂತು. ಮನೆಗೆ ಬಂದಾಗಿನಿಂದ ‘ಹ್ಞಾಂ’ ಎನ್ನುವುದು ಬಿಟ್ಟು ಬೇರೇನೂ ಆಡದಿದ್ದ ಮನುಷ್ಯ, ಹೆಂಡತಿಯ ಒಡಪಿಗಾದ ಅವಮಾನ ತಡೆಯಲಾರದೆ, ಸೊಟ್ಟಗಾದ ತುಟಿಯನ್ನು ಎಡಗೈಯಿಂದ ಒತ್ತಿ ಹಿಡಿದು, ತಮ್ಮ ಹೆಸರನ್ನು ತಾವೇ ಹೇಳಿದರು. ನಡುವೆ ನಾಲಿಗೆ ತೊಡರಿತು, ಆದರೂ ಬಿಡದೆ ತುದಿ ಮುಟ್ಟಿಸಿದರು. ತಾವು ಅದೇ ಸಕ್ಕರೆ ದನಿಯಲ್ಲಿ ‘ಕ್ಷಮಿಸಿ, ಸ್ಪಷ್ಟವಾಗಿ ಹೇಳಿ’ ಎಂದಿರಿ. ಆಮೇಲೆ ನಾನು ಆಡಿದ ಮಾತುಗಳನ್ನು ಬಹಿರಂಗ ಪತ್ರದಲ್ಲಿ ಬರೆಯಲು ಬರುವುದಿಲ್ಲ. ಗುಣಮಟ್ಟಕ್ಕಾಗಿ ಎಲ್ಲ ಮಾತನ್ನೂ ಧ್ವನಿಮುದ್ರಿಸಿಕೊಳ್ಳುತ್ತೇವೆ ಎಂದು ತಾವೇ ಹೇಳಿರುವುದರಿಂದ ತಮ್ಮ ಸಾಹೇಬರು ಸಾವಕಾಶ ಕೇಳಿಕೊಳ್ಳಲಿ.

ಆದರೂ ತಮ್ಮ ಉಪಕಾರ ಮರೆಯುವವಳಲ್ಲ. ಅಂದಿನಿಂದ ಇವರು ಹಟಕ್ಕೆ ಬಿದ್ದು ದಿನವಿಡೀ ಎಮ್ಮೆಗೆ, ಕಾಗೆಗೆ, ಹಾಲು ತರುವವನಿಗೆ ತಮ್ಮ ಹೆಸರು ಹೇಳಿ ರೂಢಿ ಮಾಡುತ್ತಿದ್ದಾರೆ. ನಿನ್ನೆ ಗಂಜಿ ಕಂಡು “ಒಲ್ಲೆ” ಎಂದದ್ದು ಅಜೀಜಾಬಿಯ ಮನೆಯ ತನಕ ಕೇಳಿಸಿತು. ಹೀಗೆ ಮಾತು ಕಲಿಸಿದ ತಮಗೆ ಸನ್ಮಾನ ಮಾಡಬೇಕೆಂದಿದ್ದೇನೆ, ಶಾಲು ಹೊದಿಸಲು ಹೆಗಲು ಎಲ್ಲಿದೆ ಎಂದು ತಿಳಿಸಿ. ಜೊತೆಗೆ ಸಣ್ಣ ಬೇಡಿಕೆಗಳು: ಗಂಡನ ಹೆಸರು ಹೇಳಲಾಗದವರಿಗೆ ಒಂದು ಬೇರೆ ಗುಂಡಿ ಇಡಿಸಿ, ಲಕ್ವಾ ಹೊಡೆದವರು ಮಾತಾಡಿದಾಗ ಒಂದು ಗಳಿಗೆ ಕಾಯುವುದನ್ನು ಕಲಿಯಿರಿ, ಅದೂ ಆಗದಿದ್ದರೆ ಎಂಟು ದಿನ ನಮ್ಮ ಮನೆಗೆ ಬಂದಿದ್ದು, ಇವರಿಗೆ ಗಂಜಿ ಕುಡಿಸಿ ತೋರಿಸಿ.

ಇಷ್ಟೆಲ್ಲ ಆದ ಮೇಲೂ ತಮ್ಮ ವಿಶ್ವಾಸಿ,
ಕಸ್ತೂರೆವ್ವ, ಮೊರಬ

ತಾ.ಕ.: ರೊಟ್ಟಿ ಕೊಡಲೋ ಬೇಡವೋ, ಇದಿಷ್ಟನ್ನು ಬಾಯಿರುವ ಒಬ್ಬ ಮನುಷ್ಯರಿಂದ ಹೇಳಿಸಿ. ಇಲ್ಲದಿದ್ದರೆ ಇವರನ್ನು ಹಾಸಿಗೆ ಸಮೇತ ಹೊಳೆಯಪ್ಪನ ಟ್ರೇಲರಿನಲ್ಲಿ ಹಾಕಿಕೊಂಡು ಬಂದು, ತಮ್ಮ ದವಾಖಾನೆಯ ಮೆಟ್ಟಿಲ ಮೇಲೆ ಒಲೆ ಹೂಡಿ, ಊರಿಗೆಲ್ಲ ಕೇಳುವಂತೆ ರೊಟ್ಟಿ ಬಡಿದು, ದೊಡ್ಡ ಡಾಕ್ಟರರ ಎದುರಿಗೇ ಮೊದಲ ತುತ್ತು ಕೊಡುತ್ತೇನೆ. ನುಂಗಿದರೆ ಮನೆಗೆ ಬರುತ್ತೇವೆ. ಸಿಕ್ಕಿಕೊಂಡರೆ ತೆಗೆಯುವವರು ಅಲ್ಲೇ ಇರುತ್ತಾರೆ. ಒಲೆಯ ಕಲ್ಲು ಆರಿಸಿ ಇಟ್ಟಾಗಿದೆ, ಬರುವ ತಿಂಗಳು ಹುಟ್ಟುವುದರೊಳಗೆ ಉತ್ತರ ಕೊಡಿ.